ಪುಸ್ತಕ ಹೊತ್ತವರ ಅಪರಾಧ

ಇಂಗ್ಲಿಷ್‌–ಲಿಥುವೇನಿಯನ್ ನಿಘಂಟಿನಲ್ಲಿ ತಪ್ಪು ಮತ್ತು ಶಿಕ್ಷೆಗೆ ಸಂಬಂಧಿಸಿದ ಪದಗಳನ್ನು ಹುಡುಕಿದರೆ ಉತ್ತರ ಸುಲಭವಾಗಿ ಸಿಗುತ್ತದೆ. ಕ್ರೈಮ್ ಎಂದರೆ ‘ನುಸಿಕಲ್ತಿಮಾಸ್’, ಪನಿಶ್‌ಮೆಂಟ್ ಎಂದರೆ ‘ಬೌಸ್ಮೆ’, ಪ್ರಿಸನ್ ಎಂದರೆ ‘ಕಲೇಯಿಮಾಸ್’. ಆದರೆ ಯಾವುದು ಅಪರಾಧ, ಅದನ್ನು ಅಪರಾಧವೆಂದು ಕರೆದವರು ಯಾರು ಎಂಬ ಪ್ರಶ್ನೆಗೆ ನಿಘಂಟಿನಲ್ಲಿ ಉತ್ತರವಿಲ್ಲ. ಅದಕ್ಕಾಗಿ ಇತಿಹಾಸದ ಪುಟಗಳನ್ನೇ ತಿರುವಬೇಕು.

ಶಿಕ್ಷೆಯ ಭಾಷೆ ಸಾಮಾನ್ಯವಾಗಿ ಆಳುವವರ ಭಾಷೆಯಾಗಿರುತ್ತದೆ. ಇಂಗ್ಲಿಷಿನ ಕ್ರೈಮ್, ಪ್ರಿಸನ್, ಜಡ್ಜ್, ಪನಿಶ್ ಮುಂತಾದ ಪದಗಳು 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಬಳಿಕ ಫ್ರೆಂಚ್ ಭಾಷೆಯ ಮೂಲಕ ಬಂದವು. ಕದಿಯುವುದು, ಕೊಲ್ಲುವುದು, ನೇಣುಗಂಬ ಇತ್ಯಾದಿಗಳಿಗೆ ಮಾತ್ರ ಜನರ ಹಳೆಯ ಪದಗಳೇ ಉಳಿದುಕೊಂಡವು. ನಮ್ಮಲ್ಲೂ ಸಜೆ, ಕೈದಿ, ಜಾಮೀನು, ಜುಲ್ಮಾನೆ, ವಕೀಲ ಎಂಬ ಪದಗಳು ಪಾರ್ಸಿ ಆಡಳಿತ ಭಾಷೆಯಾಗಿದ್ದ ಕಾಲದ ಗುರುತುಗಳು. ಜೈಲು ಎಂಬ ಪದವನ್ನು ಇಂಗ್ಲಿಷರು ತಂದರು.

ಲಿಥುವೇನಿಯಾದ ಕತೆ ಸ್ವಲ್ಪ ಭಿನ್ನ. ಅಲ್ಲಿನ ಪ್ರಸಿದ್ಧ ಕಾನೂನು ಸಂಹಿತೆಗಳು 1529, 1566 ಮತ್ತು 1588ರಲ್ಲಿ ರಚನೆಯಾದವು. ಆದರೆ ಅವುಗಳ ಭಾಷೆ ಲಿಥುವೇನಿಯನ್ ಆಗಿರಲಿಲ್ಲ, ರುಥೇನಿಯನ್ ಎಂಬ ಸ್ಲಾವಿಕ್ ಭಾಷೆಯಾಗಿತ್ತು. 1795ರಲ್ಲಿ ದೇಶದ ಬಹುಭಾಗ ರಶ್ಯದ ಸಾಮ್ರಾಜ್ಯಕ್ಕೆ ಸೇರಿತು. 1840ರಲ್ಲಿ ಹಳೆಯ ಸಂಹಿತೆಯೂ ರದ್ದಾಗಿ ರಶ್ಯದ ಕಾನೂನು ಬಂತು. ರೈತರ ಭಾಷೆ ಮನೆ ಮತ್ತು ಹೊಲದಲ್ಲೇ ಉಳಿಯಿತು. ಆ ಭಾಷೆಯಲ್ಲಿ ಶಿಕ್ಷೆಯನ್ನು ಸೂಚಿಸುವ ‘ಬೌಸ್ಮೆ’, ದಂಡವನ್ನು ಸೂಚಿಸುವ ‘ಬೌದಾ’ ಮತ್ತು ಜಮೀನ್ದಾರನ ಹೊಲದಲ್ಲಿ ಮಾಡಬೇಕಾಗಿದ್ದ ಜೀತವನ್ನು ಸೂಚಿಸುವ ‘ಬೌಜಿಯಾವಾ’ ಒಂದೇ ಮೂಲದಿಂದ ಹುಟ್ಟಿದವುಗಳು. ರೈತನ ಬದುಕನ್ನು ವಿವರಿಸಲು ಇದಕ್ಕಿಂತ ದೊಡ್ಡ ಗ್ರಂಥ ಬೇಕಿಲ್ಲ.

1861ರಲ್ಲಿ ಜೀತ ರದ್ದಾಯಿತು. 1863ರಲ್ಲಿ ರಶ್ಯದ ವಿರುದ್ಧ ದಂಗೆ ಸಿಡಿಯಿತು. ಗವರ್ನರ್ ಜನರಲ್ ಮಿಖಾಯಿಲ್ ಮುರಾವ್ಯೋವ್ ಅದನ್ನು ನಿರ್ದಯವಾಗಿ ಹತ್ತಿಕ್ಕಿದ. ಜನರು ಆತನನ್ನು ಗಲ್ಲಿಗೇರಿಸುವವನೆಂದೇ ಕರೆದರು. 1864ರಲ್ಲಿ ಹೊಸ ಆದೇಶ ಬಂತು. ಲಿಥುವೇನಿಯನ್ ಭಾಷೆಯನ್ನು ಲ್ಯಾಟಿನ್ ಲಿಪಿಯಲ್ಲಿ ಮುದ್ರಿಸುವಂತಿಲ್ಲ, ರಶ್ಯದ ಸಿರಿಲಿಕ್ ಲಿಪಿಯಲ್ಲಷ್ಟೇ ಮುದ್ರಿಸಬಹುದು. ಮೊದಲು ಶಾಲೆಯ ಬಾಲಬೋಧೆಗಳಿಗೆ ಅನ್ವಯಿಸಿದ್ದ ಈ ನಿರ್ಬಂಧವನ್ನು ಮರುವರ್ಷ ಎಲ್ಲ ಮುದ್ರಣಕ್ಕೂ ವಿಸ್ತರಿಸಲಾಯಿತು. ಲಿಪಿ ಬದಲಾದರೆ ಮನಸ್ಸೂ ಬದಲಾದೀತು ಎಂಬುದು ಆಳುವವರ ಲೆಕ್ಕಾಚಾರವಾಗಿತ್ತು.

ಲೆಕ್ಕ ತಪ್ಪಿತು. ಸರಕಾರ ಅಚ್ಚು ಹಾಕಿಸಿದ ಸಿರಿಲಿಕ್ ಪುಸ್ತಕಗಳನ್ನು ಜನರು ಮುಟ್ಟಲಿಲ್ಲ. ಕೆಥೊಲಿಕ್ ಬಿಷಪ್ ಮೊತಿಯೆಯುಸ್ ವಲಾಂಚಿಯುಸ್ ಗಡಿಯಾಚೆಯ ಪೂರ್ವ ಪ್ರಶ್ಯದಲ್ಲಿ ಪುಸ್ತಕ ಮುದ್ರಿಸುವ ಏರ್ಪಾಡು ಮಾಡಿದರು. ಅಲ್ಲಿನ ಟಿಲ್ಸಿಟ್ ಪಟ್ಟಣ ಈ ಮುದ್ರಣದ ಮುಖ್ಯ ಕೇಂದ್ರವಾಯಿತು. ಪ್ರಾರ್ಥನಾ ಪುಸ್ತಕ, ಪಂಚಾಂಗ, ಬಾಲಬೋಧೆ, 1883ರಿಂದ ‘ಔಶ್ರಾ’ ಎಂಬ ಪತ್ರಿಕೆ ಇವೆಲ್ಲ ರಾತ್ರಿಯ ಕತ್ತಲಲ್ಲಿ, ಗೋಣಿಚೀಲಗಳಲ್ಲಿ, ಹುಲ್ಲಿನ ಗಾಡಿಗಳ ಅಡಿಯಲ್ಲಿ ಗಡಿ ದಾಟಿ ಬಂದವು. ಸಿಕ್ಕಿಬಿದ್ದವರಿಗೆ ದಂಡ, ಸೆರೆಮನೆ, ಸೈಬೀರಿಯಾಕ್ಕೆ ಗಡೀಪಾರು. ಗಡಿಯಲ್ಲಿ ಗುಂಡಿಗೆ ಬಲಿಯಾದವರೂ ಇದ್ದಾರೆ. ವಶಪಡಿಸಿಕೊಂಡ ಪುಸ್ತಕಗಳನ್ನು ಸುಡಲಾಗುತ್ತಿತ್ತು.

ಹಳ್ಳಿಗಳಲ್ಲಿ ಗುಟ್ಟಾಗಿ ಶಾಲೆಗಳು ನಡೆದವು. ತಾಯಂದಿರು ನೂಲುವ ರಾಟೆಯ ಬಳಿ ಮಕ್ಕಳನ್ನು ಕೂರಿಸಿ ಅಕ್ಷರ ಕಲಿಸಿದರು. ಶಿಲ್ಪಿ ಪೆತ್ರಾಸ್ ರಿಮ್ಶಾ ಆ ದೃಶ್ಯವನ್ನೇ ‘ಲಿಥುವೇನಿಯಾದ ಶಾಲೆ’ ಎಂಬ ಶಿಲ್ಪವಾಗಿಸಿದರು. ನಮ್ಮ ಭಾಷೆಯಲ್ಲಿ ಶಿಕ್ಷಣ ಮತ್ತು ಶಿಕ್ಷೆ ಎರಡೂ ಒಂದೇ ಧಾತುವಿನಿಂದ ಬಂದಿವೆ. ಅಲ್ಲಿ ಶಿಕ್ಷಣ ನೀಡಿದ್ದಕ್ಕೇ ಶಿಕ್ಷೆಯಾಗುತ್ತಿತ್ತು.

ಗಡಿ ಕಾವಲುಗಾರರ ದೃಷ್ಟಿಯಲ್ಲಿ ಪುಸ್ತಕ ತರುವವರು ಕಳ್ಳಸಾಗಣೆದಾರರು. ಜನರು ಆ ಪದವನ್ನು ಒಪ್ಪಲಿಲ್ಲ. ಅವರು ಬಳಸಿದ ಪದ ‘ಕ್ನಿಗ್‌ನೆಶೀಸ್’. ‘ಕ್ನಿಗಾ’ ಎಂದರೆ ಪುಸ್ತಕ, ‘ನೆಶ್ತಿ’ ಎಂದರೆ ಹೊರುವುದು. ಪುಸ್ತಕ ಹೊರುವವನು, ಅಷ್ಟೇ. ಈ ಪದದಲ್ಲಿ ಕಳ್ಳತನವೂ ಇಲ್ಲ, ಅಪರಾಧವೂ ಇಲ್ಲ. ಇಂಗ್ಲಿಷಿನಲ್ಲಿ ಇದನ್ನು ‘ಬುಕ್ ಸ್ಮಗ್ಲರ್’ ಎಂದು ಅನುವಾದಿಸುವುದು ರೂಢಿ. ಹಾಗೆ ಅನುವಾದಿಸಿದಾಗ ಜನರ ಮಾತು ಮರೆಯಾಗಿ ಕಾವಲುಗಾರನ ಮಾತು ಉಳಿದುಬಿಡುತ್ತದೆ. ನಿಘಂಟುಗಳೂ ಕೆಲವೊಮ್ಮೆ ತಮಗರಿವಿಲ್ಲದೆ ಆಳುವವರ ಪಕ್ಷ ವಹಿಸುತ್ತವೆ.

ಇವರಲ್ಲಿ ಜುರ್ಗಿಸ್ ಬಿಯೆಲಿನಿಸ್ (1846–1918) ಎಂಬವರದ್ದು ದೊಡ್ಡ ಹೆಸರು. ಮೂರು ದಶಕಗಳ ಕಾಲ ಅವರು ಪುಸ್ತಕ ಹೊತ್ತರು. ಹಲವು ಬಾರಿ ಸಿಕ್ಕಿಬಿದ್ದರು, ಹಲವು ಬಾರಿ ತಪ್ಪಿಸಿಕೊಂಡರು. ಜನರು ಅವರನ್ನು ಪುಸ್ತಕ ಹೊರುವವರ ದೊರೆ ಎಂದು ಕರೆದರು. ಅವರು ಹುಟ್ಟಿದ ಮಾರ್ಚ್ 16 ಇಂದು ಆ ದೇಶದಲ್ಲಿ ಪುಸ್ತಕ ಹೊತ್ತವರ ದಿನ.

ಇನ್ನೊಂದು ಗಮನಾರ್ಹ ಸಂಗತಿಯಿದೆ. ಈ ನಿಷೇಧ ಅಧಿಕಾರಿಗಳ ಆದೇಶಗಳ ಬಲದಿಂದ ನಡೆಯುತ್ತಿತ್ತು. ಎಂಜಿನಿಯರ್ ಆಂತಾನಾಸ್ ಮಾತ್ಸಿಯೌಸ್ಕಾಸ್ ಲ್ಯಾಟಿನ್ ಲಿಪಿಯಲ್ಲಿ ಅಚ್ಚು ಹಾಕಿಸಿದ ಲಿಥುವೇನಿಯಾದ ಭೂಪಟವನ್ನು ಸರಕಾರ ಮುಟ್ಟುಗೋಲು ಹಾಕಿಕೊಂಡಾಗ ಅವರು ನ್ಯಾಯಾಲಯದ ಮೆಟ್ಟಿಲೇರಿದರು. ರಶ್ಯದ ಅತ್ಯುನ್ನತ ನ್ಯಾಯಪೀಠವಾಗಿದ್ದ ಸೆನೆಟ್ ಅವರ ಪರ ತೀರ್ಪು ನೀಡಿತು. ನಿಷೇಧಕ್ಕೆ ಕಾನೂನಿನ ಆಧಾರವೇ ಇರಲಿಲ್ಲ! 1904ರಲ್ಲಿ, ಜಪಾನ್ ಜೊತೆಗಿನ ಯುದ್ಧದ ನಡುವೆ, ಸರಕಾರ ನಿಷೇಧವನ್ನು ತೆರವುಗೊಳಿಸಿತು. ಆ ವೇಳೆಗೆ ನಲ್ವತ್ತು ವರ್ಷಗಳು ಸಂದಿದ್ದವು. ಸುಟ್ಟ ಪುಸ್ತಕಗಳು, ಸೈಬೀರಿಯಾದಲ್ಲಿ ಮಣ್ಣಾದವರು ಮರಳಿ ಬರಲಿಲ್ಲ.

ಲಿಥುವೇನಿಯನ್ ಭಾಷೆಯಲ್ಲಿ ಸತ್ಯಕ್ಕೆ ‘ತಿಯೆಸಾ’ ಎನ್ನುತ್ತಾರೆ, ನ್ಯಾಯಾಲಯಕ್ಕೆ ‘ತೆಯಿಸ್ಮಾಸ್’ ಎನ್ನುತ್ತಾರೆ. ಎರಡೂ ಒಂದೇ ಬೇರಿನ ಪದಗಳು. ಭಾಷೆ ಹತ್ತಿರದಲ್ಲಿಟ್ಟದ್ದನ್ನು ಅಧಿಕಾರ ದೂರ ಮಾಡುತ್ತದೆ. ಆದ್ದರಿಂದ ಯಾರನ್ನಾದರೂ ಅಪರಾಧಿ ಎಂದು ಕರೆಯುವಾಗ ನಾವು ಒಂದು ಕ್ಷಣ ತಡೆದು, ಆ ಪದ ಯಾರ ಬಾಯಿಯಿಂದ ಹೊರಟದ್ದು ಎಂದು ವಿಚಾರಿಸಬೇಕು. ಹೊತ್ತು ತಂದದ್ದು ಮಗುವಿನ ಅಕ್ಷರಮಾಲೆಯೂ ಆಗಿರಬಹುದು.