ವಖಾರಿಯ ಗೋಡೆಯಾಚೆಗಿನ ಕೂಸು

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಯಲ್ಲಿ ಹೆಣ್ಣಾಳುಗಳ ಕೂಲಿಗೆ ದಾರಿಯಾದ ದೊಡ್ಡ ಬೆಳೆಗಳು ಎರಡು: ನಿಪ್ಪಾಣಿಯ ತಂಬಾಕು, ಕೃಷ್ಣಾ–ದೂಧಗಂಗಾ ದಂಡೆಯ ಕಬ್ಬು. ತಾಯಿ ದುಡಿಯುವಾಗ ಕೂಸನ್ನು ನೋಡಿಕೊಂಡವರ ಶ್ರಮ ಮಾತ್ರ ಯಾವ ಬೆಳೆಯ ಲೆಕ್ಕದಲ್ಲೂ ಸೇರಲಿಲ್ಲ.

ನಿಪ್ಪಾಣಿಯ ವಖಾರಿಗಳಲ್ಲಿ ಒಣಸೊಪ್ಪನ್ನು ಕುಟ್ಟಿ, ಜರಡಿ ಹಿಡಿದು, ಬೀಡಿಗೆ ಹದಮಾಡುವ ಕೆಲಸ ಬಹುಪಾಲು ಹೆಂಗಸರದು. ಆ ಘಾಟಿನಲ್ಲಿ ಎಳೆಗೂಸನ್ನು ಪಕ್ಕದಲ್ಲಿ ಮಲಗಿಸುವಂತಿಲ್ಲ, ಮನೆಯಲ್ಲಿ ಬಿಟ್ಟುಬಂದರೆ ಹಾಲೂಡಿಸುವಂತಿಲ್ಲ. 1948ರ ಕಾರ್ಖಾನೆ ಕಾಯಿದೆ 50ಕ್ಕಿಂತ ಹೆಚ್ಚು ಹೆಂಗಸರು ದುಡಿಯುವಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಶಿಶುಪಾಲನಾ ಕೋಣೆ ಇರಬೇಕೆಂದಿತು. 1976ರಲ್ಲಿ ಈ ಮಿತಿ 30ಕ್ಕೆ ಇಳಿಯಿತು. 1981ರ ತಂಬಾಕು ಬೆಳೆಗಾರರ ಚಳವಳಿಯಿಂದ ನಿಪ್ಪಾಣಿಯ ಹೆಸರು ದೇಶಕ್ಕೆಲ್ಲ ಗೊತ್ತಾಯಿತು. ಅದೇ ಕಾಲದಲ್ಲಿ ವಖಾರಿಯ ಹೆಂಗಸರೂ ಸಂಘ ಕಟ್ಟಿ ಹೋರಾಡಿದ್ದರು ಎಂಬುದನ್ನು ನೆನೆಯುವವರು ಕಡಿಮೆ. ಯುಗಾಂತರ್ ಎಂಬ ಹೆಂಗಸರ ಚಿತ್ರ ಬಳಗದ 1982ರ ಸಾಕ್ಷ್ಯಚಿತ್ರದಲ್ಲಿ ಅವರ ದನಿ ಉಳಿದಿದೆ.

ಬೀಡಿ ಕಟ್ಟುವ ಕೆಲಸ ನಡೆದದ್ದು ಹೆಚ್ಚಾಗಿ ಮನೆಯಲ್ಲೇ. 1966ರ ಬೀಡಿ ಕಾರ್ಮಿಕರ ಕಾಯಿದೆ ಮನೆಯಲ್ಲಿ ಕಟ್ಟುವವರನ್ನೂ ಕಾರ್ಮಿಕರೆಂದು ಒಪ್ಪಿತು. ಅದು ದೊಡ್ಡ ಗೆಲುವೇ ಸರಿ. ಆದರೆ ಶಿಶುಪಾಲನಾ ಕೋಣೆಯ ಕಟ್ಟುಪಾಡು ಕೆಲಸದ ಕಟ್ಟಡಕ್ಕಷ್ಟೇ ಅಂಟಿಕೊಂಡಿತು. ಮನೆಯಲ್ಲಿ ಮಡಿಲ ಮೇಲೆ ಮೊರ, ಪಕ್ಕದಲ್ಲಿ ಕೂಸಿನ ಜೋಲಿ. ಕೂಲಿ ಸಾವಿರ ಬೀಡಿಯ ಲೆಕ್ಕದಲ್ಲಿ ಬರುವುದರಿಂದ ಕೂಸು ಅತ್ತಷ್ಟು ಹೊತ್ತು ಎಣಿಕೆ ಕುಗ್ಗುತ್ತದೆ. ಎಣಿಕೆ ತುಂಬಬೇಕಾದರೆ ಅಜ್ಜಿ ಬೇಕು. ಅಜ್ಜಿ ಇಲ್ಲದ ಮನೆಯಲ್ಲಿ ಹಿರಿಮಗಳು ಶಾಲೆ ಬಿಡಬೇಕು. ತಾಯಿಯ ಇಂದಿನ ಕೂಲಿ ಉಳಿಸಲು ಮಗಳ ನಾಳಿನ ಕೂಲಿಯನ್ನು ತೆತ್ತಂತೆ ಇದು.

ಕಬ್ಬಿನ ಕಡೆಗೆ ಕಾಯಿದೆ ಇನ್ನೂ ದೂರ. ಈ ಸೀಮೆಯ ಉಗಾರ ಸಕ್ಕರೆ ಕಾರ್ಖಾನೆ ಸ್ಥಾಪನೆಯಾದದ್ದು 1939ರಲ್ಲಿ. ಮುಂದೆ ಸಹಕಾರಿ ಕಾರ್ಖಾನೆಗಳೂ ಬಂದವು. ಹಂಗಾಮಿಗೆ ಮಹಾರಾಷ್ಟ್ರದ ಬೀಡ ಕಡೆಯಿಂದಲೂ ಕಡಿಯುವ ಟೋಳಿಗಳು ಬರುತ್ತವೆ. ಗಂಡ–ಹೆಂಡತಿ ಸೇರಿ ಒಂದು ‘ಕೊಯ್ತಾ’. ಮುಂಗಡ ಕೊಡುವುದು ಜೋಡಿಗೆ, ಕೂಲಿ ಎಣಿಸುವುದು ಟನ್ನಿಗೆ. ಹಾಗಾಗಿ ತಾಯಿ ಗುಡಿಸಿಲಲ್ಲಿ ಉಳಿದರೆ ಇಬ್ಬರ ಗಳಿಕೆಗೂ ಹೊಡೆತ. ಕೂಸು ಹೊಲದ ಬದುವಿಗೆ ಬರುತ್ತದೆ.

ಈ ಕೂಸಿಗೆ ಅಂಗನವಾಡಿಯೂ ಒದಗಲಿಲ್ಲ. 1975ರಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದ 33 ಕಡೆ ಶುರುವಾಯಿತು. ಕರ್ನಾಟಕದಲ್ಲಿ ಮೊದಲು ಟಿ. ನರಸೀಪುರದಲ್ಲಿ. ಅಲ್ಲಿಂದ ಹಬ್ಬಿದ ಅಂಗನವಾಡಿ ಮೂರು ದಾಟಿದ ಮಕ್ಕಳನ್ನು ಕೂರಿಸಿಕೊಂಡಿತು; ಅದಕ್ಕಿಂತ ಚಿಕ್ಕವರಿಗೆ ಸಿಕ್ಕಿದ್ದು ಮನೆಗೊಯ್ಯುವ ಆಹಾರ. ಟೋಳಿ ಹೊಲಕ್ಕೆ ಹೊರಡುವುದು ನಸುಕಿನಲ್ಲಿ, ಅಂಗನವಾಡಿ ತೆರೆಯುವುದು ಹೊತ್ತೇರಿದ ಮೇಲೆ.

2005ರ ಉದ್ಯೋಗ ಖಾತರಿ ಕಾಯಿದೆ, ಕೆಲಸದ ಜಾಗಕ್ಕೆ ಐದು ಇಲ್ಲವೆ ಹೆಚ್ಚು ಚಿಕ್ಕ ಮಕ್ಕಳು ಬಂದರೆ ಅವರನ್ನು ನೋಡಿಕೊಳ್ಳಲು ಒಬ್ಬಾಕೆಯನ್ನು ಕೂಲಿ ಕೊಟ್ಟು ನೇಮಿಸಬೇಕೆಂದಿತು. ಕೂಸು ಆಡಿಸುವುದೂ ಕೂಲಿಯ ಕೆಲಸವೆಂದು ಆ ಸಾಲು ಒಪ್ಪಿಕೊಂಡಿತು. 2023ರಲ್ಲಿ ರಾಜ್ಯ ಸರ್ಕಾರ 4,000 ಗ್ರಾಮ ಪಂಚಾಯತಿಗಳಲ್ಲಿ ‘ಕೂಸಿನ ಮನೆ’ ಎಂಬ ಯೋಜನೆ ಸಾರಿತು. ಆರು ತಿಂಗಳಿಂದ ಮೂರು ವರ್ಷದ ಮಕ್ಕಳಿಗೆ, ಅಂದರೆ ಅಂಗನವಾಡಿ ಬಿಟ್ಟ ವಯಸ್ಸಿನವರಿಗೇ, ಅಲ್ಲಿ ಜಾಗ. ಆದರೆ ಅದನ್ನು ರೂಪಿಸಿದ್ದು ಮುಖ್ಯವಾಗಿ ಉದ್ಯೋಗ ಖಾತರಿಯ ಕೂಲಿಕಾರ ತಾಯಂದಿರಿಗಾಗಿ. ಸಾವಿರದ ಲೆಕ್ಕದ ಬೀಡಿಯವಳಾಗಲಿ, ಟನ್ನಿನ ಲೆಕ್ಕದ ಕಬ್ಬಿನವಳಾಗಲಿ ಆ ಕೆಲಸದ ಪಟ್ಟಿಯಲ್ಲಿಲ್ಲ.