ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಅಧಿನಿಯಮ, ೧೯೬೧

ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಅಧಿನಿಯಮ, ೧೯೬೧ ಎಂಬುದು ಅಂಗಡಿ, ಹೋಟೆಲು, ಚಿತ್ರಮಂದಿರ, ಖಾಸಗಿ ಕಚೇರಿ ಮುಂತಾದ ಕಡೆ ದುಡಿಯುವವರ ಕೆಲಸದ ವೇಳೆ, ವಾರದ ರಜೆ, ಸಂಬಳಸಹಿತ ರಜೆ ಹಾಗೂ ವಜಾ ಕುರಿತ ನಿಯಮಗಳನ್ನು ವಿಧಿಸುವ ರಾಜ್ಯ ಕಾನೂನು. ಇದು ೧೯೬೨ರ ೮ನೆಯ ಅಧಿನಿಯಮ. ರಾಜ್ಯ ಏಕೀಕರಣದ ನಂತರವೂ ಮೈಸೂರು, ಮುಂಬಯಿ, ಮದರಾಸು ಮುಂತಾದ ಹಳೆಯ ಪ್ರಾಂತ್ಯಗಳ ಅಂಗಡಿ ಕಾಯಿದೆಗಳು ಆಯಾ ಭಾಗಗಳಲ್ಲಿ ಉಳಿದಿದ್ದವು. ಅವುಗಳ ಬದಲಿಗೆ ಇಡೀ ರಾಜ್ಯಕ್ಕೆ ಒಂದೇ ಕಾನೂನನ್ನು ತರುವುದು ಇದರ ಉದ್ದೇಶವಾಗಿತ್ತು. ಕಾರ್ಖಾನೆಗಳಿಗೆ ಬೇರೆ ಕಾನೂನಿದೆ. ಎರಡನ್ನೂ ಒಂದೇ ಎಂದು ಭಾವಿಸಬಾರದು.

ಯಾರಿಗೆ ಅನ್ವಯ

ಅಧಿನಿಯಮದ ಅನುಸೂಚಿಯಲ್ಲಿರುವ ಅಥವಾ ಸರ್ಕಾರ ಅಧಿಸೂಚನೆಯ ಮೂಲಕ ಸೇರಿಸಿದ ಪ್ರದೇಶಗಳಿಗೆ ಈ ಕಾನೂನು ಅನ್ವಯಿಸುತ್ತದೆ. ನೌಕರ ಎಂಬ ಪದದ ಅರ್ಥ ಇಲ್ಲಿ ವಿಶಾಲವಾಗಿದೆ. ತಿಂಗಳ ಸಂಬಳದವರು ಮಾತ್ರವಲ್ಲದೆ ಗುತ್ತಿಗೆ, ಕಮಿಷನ್ ಹಾಗೂ ಮಾಡಿದಷ್ಟಕ್ಕೆ ಕೂಲಿ ಪಡೆಯುವವರೂ, ಪ್ರತಿಫಲವೇ ಇಲ್ಲದೆ ಕೆಲಸ ಕಲಿಯುತ್ತಿರುವವರೂ ಅದರಲ್ಲಿ ಸೇರುತ್ತಾರೆ. ‘ಕೆಲಸ ಕಲಿಯಲು ಬಂದ ಹುಡುಗ’ ಎಂಬ ಸಬೂಬಿನಿಂದ ಮಾಲೀಕ ಹೊಣೆ ತಪ್ಪಿಸಿಕೊಳ್ಳುವಂತಿಲ್ಲ. ಮಾಲೀಕನ ಕುಟುಂಬದ ಸದಸ್ಯರು ಮಾತ್ರ ನೌಕರರೆನಿಸುವುದಿಲ್ಲ.

ಮುಖ್ಯ ನಿಯಮಗಳು

ಸಂಸ್ಥೆ ಆರಂಭವಾದ ೩೦ ದಿನಗಳೊಳಗೆ ನೋಂದಣಿ ಮಾಡಿಸಬೇಕು. ದಿನಕ್ಕೆ ೯ ಗಂಟೆ, ವಾರಕ್ಕೆ ೪೮ ಗಂಟೆ ಕೆಲಸದ ಮಿತಿ. ಹೆಚ್ಚುವರಿ ದುಡಿಮೆಗೆ ಎರಡು ಪಟ್ಟು ಕೂಲಿ ಕೊಡಬೇಕು. ವಾರಕ್ಕೆ ಒಂದು ಪೂರ್ಣ ದಿನ ರಜೆ ಇರಬೇಕು, ಅದಕ್ಕಾಗಿ ಸಂಬಳ ಕಡಿತ ಮಾಡುವಂತಿಲ್ಲ. ದುಡಿದ ಪ್ರತಿ ೨೦ ದಿನಗಳಿಗೆ ಒಂದು ದಿನದಂತೆ ಸಂಬಳಸಹಿತ ರಜೆ ಸಿಗುತ್ತದೆ. ಕಾಯಿಲೆ ಮೊದಲಾದ ಕಾರಣಗಳಿಗೆ ವರ್ಷಕ್ಕೆ ೧೨ ದಿನ ಬೇರೆ.

೩೯ನೆಯ ಪ್ರಕರಣದ ಪ್ರಕಾರ, ಆರು ತಿಂಗಳು ಸತತವಾಗಿ ದುಡಿದವರನ್ನು ಸಮಂಜಸ ಕಾರಣವಿಲ್ಲದೆ ತೆಗೆದುಹಾಕುವಂತಿಲ್ಲ. ಒಂದು ತಿಂಗಳ ನೋಟಿಸು ಅಥವಾ ಅಷ್ಟೇ ಸಂಬಳ ಕೊಡಬೇಕು. ವಿಚಾರಣೆಯಲ್ಲಿ ದುರ್ನಡತೆ ಸಾಬೀತಾದರೆ ಮಾತ್ರ ನೋಟಿಸು ಬೇಕಿಲ್ಲ. ವಜಾಗೊಂಡವರು ನಿಗದಿತ ಪ್ರಾಧಿಕಾರದ ಮುಂದೆ ಮೇಲ್ಮನವಿ ಸಲ್ಲಿಸಬಹುದು.

ನೇಮಕಾತಿ ಆದೇಶ

೬-ಎ ಪ್ರಕರಣದಂತೆ ನೇಮಕವಾದ ೩೦ ದಿನಗಳೊಳಗೆ ನೌಕರನಿಗೆ ಲಿಖಿತ ನೇಮಕಾತಿ ಆದೇಶ ನೀಡಬೇಕು. ನೋಡಲು ಸಣ್ಣ ನಿಯಮ. ಆದರೆ ಉಳಿದ ಹಕ್ಕುಗಳಲ್ಲಿ ಹೆಚ್ಚಿನವು ಇದರ ಮೇಲೆಯೇ ನಿಂತಿವೆ. ಬಾಕಿ ಸಂಬಳ ಕೇಳುವಾಗಲಾಗಲಿ ವಜಾ ಪ್ರಶ್ನಿಸುವಾಗಲಾಗಲಿ, ತಾನು ಆ ಅಂಗಡಿಯ ನೌಕರನಾಗಿದ್ದೆ ಎಂದು ತೋರಿಸುವ ಹೊಣೆ ಮೊದಲು ನೌಕರನದೇ. ‘ಇವರು ನಮ್ಮಲ್ಲಿ ಕೆಲಸಕ್ಕಿರಲೇ ಇಲ್ಲ’ ಎಂದು ಮಾಲೀಕ ಹೇಳಿಬಿಟ್ಟರೆ ಹತ್ತು ವರ್ಷದ ದುಡಿಮೆಯೂ ಸಾಕ್ಷಿಯಿಲ್ಲದ ಮಾತಾಗುತ್ತದೆ. ಆದೇಶ ಪತ್ರವಿಲ್ಲದವರು ಬ್ಯಾಂಕಿಗೆ ಬಂದ ಸಂಬಳದ ವಿವರ, ಹಾಜರಿ ಪುಸ್ತಕ, ತಮ್ಮ ಕೈಬರಹದ ಬಿಲ್ಲುಗಳು, ಸಹೋದ್ಯೋಗಿಗಳ ಹೇಳಿಕೆ ಇವುಗಳನ್ನು ಅವಲಂಬಿಸಬೇಕಾಗುತ್ತದೆ. ದಾಖಲೆಯಿಂದ ಮಾಲೀಕರಿಗೂ ಅನುಕೂಲವಿದೆ: ಸಂಬಳ ಮತ್ತು ರಜೆಯ ಪುಸ್ತಕ ಸರಿಯಾಗಿದ್ದರೆ ಸುಳ್ಳು ದೂರಿಗೆ ಅದೇ ಉತ್ತರವಾಗುತ್ತದೆ.

ಹಾಸನ ಜಿಲ್ಲೆಯ ಪಟ್ಟಣಗಳಲ್ಲಿ

ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣದಂತಹ ಊರುಗಳಲ್ಲಿ ಬಟ್ಟೆ, ದಿನಸಿ, ಗೊಬ್ಬರ, ಔಷಧಿ ಅಂಗಡಿಗಳು ಬಹುಮಟ್ಟಿಗೆ ಬೆರಳೆಣಿಕೆಯ ಆಳುಗಳಿಂದಲೇ ನಡೆಯುತ್ತವೆ. ಕೆಲಸಕ್ಕೆ ಸೇರಿಸಿಕೊಳ್ಳುವುದು ಪರಿಚಯ, ನಂಟು, ಬಾಯಿಮಾತಿನ ಮೇಲೆ. ಮಗಳ ಮದುವೆಗೆ, ಆಸ್ಪತ್ರೆಯ ಖರ್ಚಿಗೆ ಮಾಲೀಕರೇ ಮುಂಗಡ ಕೊಡುವುದುಂಟು. ಅಂತಹ ಸಂಬಂಧದಲ್ಲಿ ಕಾಗದ ಕೇಳುವುದು ಅವಿಶ್ವಾಸವೆಂದು ಇಬ್ಬರೂ ಭಾವಿಸುತ್ತಾರೆ. ಸಂಬಂಧ ಕೆಟ್ಟ ದಿನ ನಷ್ಟವಾಗುವುದು ಮಾತ್ರ ನೌಕರನಿಗೆ.

ಸಣ್ಣ ಅಂಗಡಿಯವರಿಗೆ ಈ ಕಾನೂನು ಮುಖ್ಯವಾಗಲು ಇನ್ನೊಂದು ಕಾರಣವಿದೆ. ರಾಜ್ಯ ವಿಮೆ ಹಾಗೂ ಉಪದಾನ ಸಾಮಾನ್ಯವಾಗಿ ೧೦ ಮಂದಿ ಇರುವಲ್ಲಿ, ಭವಿಷ್ಯ ನಿಧಿ ೨೦ ಮಂದಿ ಇರುವಲ್ಲಿ ಕಡ್ಡಾಯವಾಗುತ್ತವೆ. ಮೂರು ಆಳಿನ ಅಂಗಡಿಗೆ ಇವು ತಲುಪುವುದಿಲ್ಲ. ಅಲ್ಲಿ ನೌಕರನ ಕೈಗೆ ಸಿಗುವುದು ಕನಿಷ್ಠ ವೇತನದ ಕಾನೂನು ಮತ್ತು ಈ ಅಧಿನಿಯಮ ಮಾತ್ರ ಎಂದರೆ ಹೆಚ್ಚು ತಪ್ಪಾಗದು. ದೂರುಗಳನ್ನು ಕಾರ್ಮಿಕ ಇಲಾಖೆಯ ನಿರೀಕ್ಷಕರಿಗೆ ಸಲ್ಲಿಸಬಹುದು.

ಮಹಿಳಾ ನೌಕರರ ವಿಷಯದಲ್ಲೂ ಹತ್ತರ ಲೆಕ್ಕ ಅಡ್ಡಬರುತ್ತದೆ. ಲೈಂಗಿಕ ಕಿರುಕುಳ ತಡೆಯ ೨೦೧೩ರ ಕೇಂದ್ರ ಕಾನೂನಿನಂತೆ ೧೦ ಅಥವಾ ಹೆಚ್ಚು ನೌಕರರಿದ್ದರೆ ಸಂಸ್ಥೆಯಲ್ಲೇ ಆಂತರಿಕ ಸಮಿತಿ ಇರಬೇಕು. ಅದಕ್ಕಿಂತ ಕಡಿಮೆ ಇದ್ದರೆ, ಅಥವಾ ದೂರು ಮಾಲೀಕನ ಮೇಲೆಯೇ ಇದ್ದರೆ, ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ಮೂರು ತಿಂಗಳೊಳಗೆ ದೂರು ಕೊಡಬೇಕು. ತಾಲ್ಲೂಕಿನ ನೋಡಲ್ ಅಧಿಕಾರಿ ದೂರು ಸ್ವೀಕರಿಸಿ ಏಳು ದಿನಗಳೊಳಗೆ ಸಮಿತಿಗೆ ಕಳುಹಿಸಬೇಕೆಂಬ ನಿಯಮವಿದೆ. ಹಾಗಾಗಿ ಅರಕಲಗೂಡಿನ ಅಂಗಡಿಯೊಂದರ ಮಹಿಳೆ ದೂರು ಕೊಡಲೆಂದೇ ಹಾಸನಕ್ಕೆ ಹೋಗಬೇಕಾಗಿಲ್ಲ.

ಇತ್ತೀಚಿನ ಬದಲಾವಣೆಗಳು

೧೦ ಅಥವಾ ಹೆಚ್ಚು ನೌಕರರಿರುವ ಅಂಗಡಿಗಳು ದಿನದ ೨೪ ಗಂಟೆಯೂ ತೆರೆದಿರಲು ೨೦೨೧ರ ಜನವರಿಯಲ್ಲಿ ರಾಜ್ಯ ಸರ್ಕಾರ ಷರತ್ತುಬದ್ಧ ಅನುಮತಿ ನೀಡಿತು. ದಿನದ ಕೆಲಸವನ್ನು ೯ರಿಂದ ೧೦ ಗಂಟೆಗೆ, ಮೂರು ತಿಂಗಳ ಹೆಚ್ಚುವರಿ ದುಡಿಮೆಯ ಮಿತಿಯನ್ನು ೫೦ರಿಂದ ೧೪೪ ಗಂಟೆಗೆ ಏರಿಸುವ ೨೦೨೫ರ ಪ್ರಸ್ತಾವವನ್ನು ಕಾರ್ಮಿಕ ಸಂಘಟನೆಗಳು ವಿರೋಧಿಸಿದವು. ಅದೇ ವರ್ಷ ನವೆಂಬರ್ ೨೧ರಂದು ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು ೨೯ ಕೇಂದ್ರ ಕಾನೂನುಗಳನ್ನು ಒಳಗೊಂಡವು. ೧೯೬೧ರ ಅಧಿನಿಯಮ ರಾಜ್ಯದ ಕಾನೂನಾದ್ದರಿಂದ ಆ ೨೯ರ ಪಟ್ಟಿಯಲ್ಲಿ ಸೇರಿಲ್ಲ.