ಸ್ಕೂಟಿ ಬೆಲೆ ಎಷ್ಟು, ಕಾಯೋದರ ಬೆಲೆ ಎಷ್ಟು?

ಇವತ್ತಿನ ಸಂಚಿಕೆ ಒಂದು ಫೋನ್ ಕರೆಯಿಂದ ಶುರುವಾಗ್ತದೆ.

ಹೋದ ತಿಂಗಳು ಪಾಪಿನಾಯಕನಹಳ್ಳಿಯಿಂದ ನಮ್ಮ ಅಕ್ಕನ ಮಗಳು ಫೋನ್ ಮಾಡಿದ್ದಳು. ಆಕೆ ಹೊಸಪೇಟೆಯ ಒಂದು ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೀತಾಳೆ. "ಮಾವ, ಒಂದು ಸ್ಕೂಟಿ ತಗೋಬೇಕು ಅಂತ ಮಾಡೀನಿ. ಪೆಟ್ರೋಲಿಂದು ತಗೊಳ್ಳೋದೋ, ಕರೆಂಟಿಂದೋ, ಇಲ್ಲಾ ಸೆಕೆಂಡ್ ಹ್ಯಾಂಡ್ ನೋಡೋದೋ?" ಅಂದಳು. ನಾನು ಬಾಯಿ ತೆಗೆಯೋದರೊಳಗೆ ಹಿಂದಿನಿಂದ ಅಕ್ಕನ ದನಿ: "ಬಸ್ಸು ಪುಕ್ಕಟೆ ಐತಿ. ಸಾಲ ಮಾಡಿ ಸ್ಕೂಟಿ ಯಾಕ ಬೇಕಂತ ನೀನಾ ಕೇಳು!"

ಅಕ್ಕನ ಮಾತಲ್ಲಿ ತಪ್ಪಿಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಜಾರಿಯಲ್ಲಿದೆ. ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದೊಳಗೆ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ. ಪುಕ್ಕಟೆ ಬಸ್ಸಿನ ಮುಂದೆ ಯಾವ ಸ್ಕೂಟರ್ ಅಗ್ಗ ಆದೀತು? ಆದರೂ ಹುಡುಗಿ ಕೇಳ್ತಿದ್ದಾಳೆ ಅಂದರೆ ಆಕೆಯ ಲೆಕ್ಕದಲ್ಲಿ ಬೇರೆ ಏನೋ ಇರಬೇಕು. ಅದನ್ನ ತಿಳ್ಕೊಳ್ಳೋಕೆ ನಾನು ಸ್ಕೂಟರಿನ ಹಳೇ ಕಥೆಗೆ ಹೋದೆ. ಆ ಕಥೆ ಉದ್ದಕ್ಕೂ ಒಂದೇ ಮಾತು ಬರ್ತದೆ: ಕಾಯೋದು.

ಸ್ಕೂಟರ್ ಹುಟ್ಟಿದ್ದು ಸೋತು ಸುಣ್ಣವಾಗಿದ್ದ ಇಟಲಿಯಲ್ಲಿ. ಎರಡನೇ ಮಹಾಯುದ್ಧದಲ್ಲಿ ವಿಮಾನ ತಯಾರಿಸ್ತಿದ್ದ ಪಿಯಾಜಿಯೋ ಕಂಪನಿಗೆ ಯುದ್ಧ ಮುಗಿದ ಮೇಲೆ ಕೆಲಸ ಇರಲಿಲ್ಲ. ಜನರ ಹತ್ತಿರ ಕಾರು ಕೊಳ್ಳೋ ದುಡ್ಡಿರಲಿಲ್ಲ. ವಿಮಾನದ ಇಂಜಿನಿಯರ್ ಕೊರಾದಿನೋ ದಾಸ್ಕಾನಿಯೋ 1946ರಲ್ಲಿ ವೆಸ್ಪಾ ರೂಪಿಸಿದರು. ಅವರಿಗೆ ಮೋಟರ್‌ಸೈಕಲ್ ಕಂಡರೆ ಆಗ್ತಿರಲಿಲ್ಲವಂತೆ. ಅದಕ್ಕೇ ಇಂಜಿನ್ ಮುಚ್ಚಿಟ್ಟರು, ಎಣ್ಣೆ ಬಟ್ಟೆಗೆ ಸಿಡಿಯದ ಹಾಗೆ ಮಾಡಿದರು, ಕಾಲೆತ್ತಿ ಹತ್ತಬೇಕಾಗದ ಹಾಗೆ ಮುಂದೆ ಜಾಗ ಬಿಟ್ಟರು. ಪಂಚೆ ಉಟ್ಟವರು, ಸೀರೆ ಉಟ್ಟವರು ಇರೋ ನಮ್ಮ ದೇಶಕ್ಕೆ ಈ ಗಾಡಿ ಹೇಳಿ ಮಾಡಿಸಿದ ಹಾಗಿತ್ತು.

ಇಲ್ಲಿ ಮೊದಲು ಲ್ಯಾಂಬ್ರೆಟಾ ಬಂತು. ಆಮೇಲೆ 1960ರ ದಶಕದ ಶುರುವಿನಲ್ಲಿ ಬಜಾಜ್ ಕಂಪನಿ ಪಿಯಾಜಿಯೋ ಲೈಸೆನ್ಸ್ ಪಡೆದು ವೆಸ್ಪಾ ತಯಾರಿಸಿತು. ಆ ಒಪ್ಪಂದ 1971ರಲ್ಲಿ ಮುಗೀತು. 1972ರಲ್ಲಿ ಬಂದಿದ್ದೇ ಚೇತಕ್, ರಾಣಾ ಪ್ರತಾಪನ ಕುದುರೆಯ ಹೆಸರು. ಬೆಳಿಗ್ಗೆ ಸ್ಟಾರ್ಟ್ ಆಗದಿದ್ದರೆ ಗಾಡಿಯನ್ನ ಒಂದು ಕಡೆ ವಾಲಿಸಿ, ಮತ್ತೆ ನಿಲ್ಲಿಸಿ, ಕಿಕ್ ಹೊಡೀತಿದ್ದರಲ್ಲ, ಅದೇ ಚೇತಕ್.

ಆದರೆ ಅಂಗಡಿಗೆ ಹೋಗಿ ದುಡ್ಡು ಕೊಟ್ಟು ತರೋ ಹಾಗಿರಲಿಲ್ಲ. ಕಂಪನಿ ವರ್ಷಕ್ಕೆ ಎಷ್ಟು ಗಾಡಿ ಮಾಡಬೇಕು ಅನ್ನೋದಕ್ಕೆ ಸರ್ಕಾರದ ಲೈಸೆನ್ಸ್ ಬೇಕಿತ್ತು. ಬೆಲೆಗೂ ಹಂಚಿಕೆಗೂ ನಿಯಂತ್ರಣ ಇತ್ತು, ಸರ್ಕಾರಿ ಕೋಟಾ ಬೇರೆ. ಮುಂಗಡ ಕಟ್ಟಿ ಹೆಸರು ಬರೆಸಿದರೆ ಬಜಾಜ್ ಸ್ಕೂಟರ್ ಮನೆಗೆ ಬರೋಕೆ ಹತ್ತು ವರ್ಷದವರೆಗೂ ಕಾದವರಿದ್ದಾರೆ. ಮಗಳು ಶಾಲೆಗೆ ಹೋಗುವಾಗಲೇ ಸ್ಕೂಟರ್ ಬರೆಸಿದರೆ ಮದುವೆ ಹೊತ್ತಿಗೆ ಅಳಿಯನಿಗೆ ಸಿಗ್ತದೆ ಅನ್ನೋದು ಬರೀ ತಮಾಷೆ ಆಗಿರಲಿಲ್ಲ. ಸರದಿ ಬಂದವರು ಗಾಡಿಯನ್ನ ಹೆಚ್ಚಿನ ದುಡ್ಡಿಗೆ ಮಾರಿಕೊಳ್ಳೋದೂ ನಡೀತಿತ್ತು. ಆ ಕಾಲದಲ್ಲಿ ಸ್ಕೂಟರ್ ಅಂದರೆ ಮೇಷ್ಟ್ರು, ಬ್ಯಾಂಕಿನವರು, ಇಂಜಿನಿಯರ್ ಸಾಹೇಬರು. ಹೊಲಕ್ಕೆ, ಗಣಿಗೆ ಹೋಗೋ ಮನುಷ್ಯನಿಗೆ ಆ ಸರದಿಯಲ್ಲಿ ಜಾಗವೇ ಇರಲಿಲ್ಲ.

ಅವನಿಗೆ ಗಾಡಿ ಸಿಕ್ಕಿದ್ದು ಇನ್ನೊಂದು ದಾರಿಯಿಂದ. 1972ರಲ್ಲಿ ಪುಣೆಯ ಕೈನೆಟಿಕ್ ಕಂಪನಿ ಲೂನಾ ತಂತು. ಅದು ಪೆಡಲ್ ಇರೋ, 50 ಸಿಸಿಯ ಪುಟ್ಟ ಗಾಡಿ. 1980ರಲ್ಲಿ ನಮ್ಮ ಅತ್ತಿಬೆಲೆ ಗಡಿ ದಾಟಿದರೆ ಸಿಗೋ ಹೊಸೂರಿನಿಂದ ಟಿವಿಎಸ್ 50 ಬಂತು, ಇಬ್ಬರು ಕೂರಬಹುದಾದ ಮೊಪೆಡ್. ನಮ್ಮ ಹೊಸಪೇಟೆ, ಕಂಪ್ಲಿ, ಸಂಡೂರು ಕಡೆ ಮೊಪೆಡ್ ಅನ್ನೋ ಮಾತು ಯಾರೂ ಆಡಲ್ಲ. ಅದು "ಟಿವಿಎಸ್ ಗಾಡಿ", ಅಷ್ಟೇ. ಮುಂದೆ ಹಾಲಿನ ಕ್ಯಾನು, ಹಿಂದೆ ಹುಲ್ಲಿನ ಹೊರೆ, ಎರಡೂ ಕಡೆ ಬಾಳೆಗೊನೆ. ಸ್ಕೂಟರಿಗೆ 10 ಇಂಚಿನ ಚಕ್ರ ಇದ್ದರೆ ಇದಕ್ಕೆ 16 ಇಂಚಿಂದು, ಹಾಗಾಗಿ ಗುಂಡಿ ಬಿದ್ದ ದಾರಿಯಲ್ಲೂ, ಕಾಲುವೆ ದಂಡೆ ಮೇಲೂ ನಡೀತದೆ. ಸರದಿ ಇಲ್ಲ, ಶಿಫಾರಸು ಇಲ್ಲ. ಬಡವನ ಗಾಡಿಯ ಇತಿಹಾಸ ಬರೆಯೋದಾದರೆ ಚೇತಕ್‌ಗಿಂತ ಹೆಚ್ಚು ಪುಟ ಇದಕ್ಕೆ ಕೊಡಬೇಕು. ಚೇತಕ್ ಪೆಟ್ರೋಲ್ ಸ್ಕೂಟರ್ ನಿಂತುಹೋಯಿತು. ಟಿವಿಎಸ್ ಮಾತ್ರ ಎಕ್ಸ್‌ಎಲ್ 100 ಆಗಿ ಇವತ್ತಿಗೂ ಸಂತೆಗೆ ಹೋಗ್ತಾ ಇದೆ.

ಇನ್ನು ಹೆಣ್ಣುಮಕ್ಕಳ ಮಾತು. ಚೇತಕ್‌ನಲ್ಲಿ ಅವರ ಜಾಗ ಹಿಂದಿನ ಸೀಟು, ಒಂದೇ ಕಡೆ ಕಾಲು ಹಾಕಿ. 1980ರ ದಶಕದಲ್ಲಿ ಕೈನೆಟಿಕ್ ಹೋಂಡಾ ಬಂದಾಗ ಗೇರ್ ಹೋಯಿತು, ಬಟನ್ ಒತ್ತಿದರೆ ಸ್ಟಾರ್ಟ್. 90ರ ದಶಕದಲ್ಲಿ ಟಿವಿಎಸ್ ಸ್ಕೂಟಿ ಬಂತು. ನಮ್ಮೂರುಗಳಲ್ಲಿ ಈಗಲೂ ಯಾವ ಕಂಪನಿಯದಾದರೂ ಅದು "ಸ್ಕೂಟಿ"ನೇ. 2001ರಲ್ಲಿ ಹೋಂಡಾ ಆಕ್ಟಿವಾ ಬಂತು. 2013ರಿಂದ ನಮ್ಮ ಕೋಲಾರದ ನರಸಾಪುರದಲ್ಲೂ ಹೋಂಡಾ ಕಾರ್ಖಾನೆ ಇದೆ. ಮನೆಯ ಗಾಡಿಯ ಕೀಲಿ ಹೆಂಗಸರ ಕೈಗೆ ಬರೋಕೆ ಹೀಗೆ ಹತ್ತಿರಹತ್ತಿರ 40 ವರ್ಷ ಹಿಡೀತು.

ಸರದಿ ಹೋದ ಮೇಲೆ ಕಂತು ಬಂತು. ಪಾಪಿನಾಯಕನಹಳ್ಳಿ ಇರೋದು ಹೊಸಪೇಟೆ–ಬಳ್ಳಾರಿ ಹೆದ್ದಾರಿಯಲ್ಲಿ. ಒಂದು ಕಡೆ ಹೊಸಪೇಟೆ, ಇನ್ನೊಂದು ಕಡೆ ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ಸುತ್ತ ಅದಿರಿನ ಗುಡ್ಡ. 2000ದ ದಶಕದಲ್ಲಿ ಚೀನಾದಿಂದ ಅದಿರಿಗೆ ಬೇಡಿಕೆ ಬಂದಾಗ ಈ ರಸ್ತೆಯಲ್ಲಿ ಲಾರಿಗಳದ್ದೇ ಸಾಲು. ಕೈಯಲ್ಲಿ ಕೂಲಿ ಓಡಾಡ್ತಿತ್ತು, ಹುಡುಗರು ಕಂತಿನ ಮೇಲೆ ಗಾಡಿ ತಗೊಂಡರು. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಅಕ್ರಮ ಅಷ್ಟು ಬೆಳೆದಿತ್ತು, ನಿಲ್ಲಿಸಲೇಬೇಕಿತ್ತು. ಆದರೆ ಕಂತು ನಿಲ್ಲಲಿಲ್ಲ. ಕಟ್ಟೋಕಾಗದೆ ಗಾಡಿ ಮಾರಿದವರನ್ನ ನಾನೇ ನೋಡಿದೀನಿ. ಅಕ್ಕನಿಗೆ ಸಾಲ ಅಂದರೆ ಹೆದರಿಕೆ ಯಾಕೆ ಅನ್ನೋದು ಆ ವರ್ಷ ಕಂಡವರಿಗೆ ಗೊತ್ತು.

ಈಗ ಲೆಕ್ಕಕ್ಕೆ ಬರೋಣ. ಹೊಸ ಪೆಟ್ರೋಲ್ ಸ್ಕೂಟಿ ರಸ್ತೆಗೆ ಇಳಿಯೋ ಹೊತ್ತಿಗೆ ಒಂದು ಲಕ್ಷದ ಆಸುಪಾಸು. ಅದರಲ್ಲಿ ಐದು ವರ್ಷದ ಥರ್ಡ್ ಪಾರ್ಟಿ ವಿಮೆಯೂ ಸೇರಿರ್ತದೆ. 2018ರ ಸೆಪ್ಟೆಂಬರ್‌ನಿಂದ ಅದು ಕಡ್ಡಾಯ. 80,000 ಸಾಲ, ಮೂರು ವರ್ಷ ಅಂದರೆ ತಿಂಗಳಿಗೆ 2,700ರಿಂದ 3,000 ಕಂತು. ಹೋಗಿಬರೋಕೆ, ಊರೊಳಗೆ ತಿರುಗೋಕೆ ದಿನಕ್ಕೆ 30 ಕಿಲೋಮೀಟರ್ ಇಟ್ಕೊಳ್ಳಿ. ಲೀಟರಿಗೆ 45 ಕೊಟ್ಟರೆ, ಪೆಟ್ರೋಲ್ 103 ಅಂದರೆ, 25 ದಿನಕ್ಕೆ ಹೆಚ್ಚುಕಮ್ಮಿ 1,700 ರೂಪಾಯಿ. ಕರೆಂಟಿನ ಗಾಡಿಗೆ ಅಷ್ಟೇ ದೂರಕ್ಕೆ ದಿನಕ್ಕೆ ಒಂದು ಯೂನಿಟ್‌ಗಿಂತ ಸ್ವಲ್ಪ ಜಾಸ್ತಿ, ಹತ್ತು ರೂಪಾಯಿ ಒಳಗೇ ಮುಗೀತದೆ. ಆದರೆ ಅದರ ಬೆಲೆಯಲ್ಲಿ ದೊಡ್ಡ ಪಾಲು ಬ್ಯಾಟರಿದು, 2023ರ ಜೂನ್‌ನಿಂದ ಕೇಂದ್ರದ ಸಬ್ಸಿಡಿಯೂ ಕಡಿಮೆ ಆಯಿತು. ಅದನ್ನ ತಗೊಳ್ಳೋರು ಬ್ಯಾಟರಿ ವಾರಂಟಿ ಎಷ್ಟು ವರ್ಷ, ಸರ್ವಿಸ್ ಹತ್ತಿರ ಎಲ್ಲಿದೆ, ಇವೆರಡನ್ನ ಮೊದಲು ಕೇಳಬೇಕು.

ಈ ಲೆಕ್ಕ ಓದಿ ಹೇಳಿದಾಗ ಹುಡುಗಿ ಸುಮ್ಮನೆ ಕೇಳಿಸ್ಕೊಂಡಳು. ಆಮೇಲೆ ತನ್ನ ಲೆಕ್ಕ ಹೇಳಿದಳು. "ಮುಂಜಾನೆ ಬಸ್ಸಿಗೆ ತೊಂದ್ರಿ ಇಲ್ಲ ಮಾವ. ರಾತ್ರಿ ಅಂಗಡಿ ಬಿಡೋದು ತಡ ಆಗ್ತತಿ. ಸ್ಟ್ಯಾಂಡಿಗೆ ನಡದು, ಕಾದು, ಇಳದು, ಮತ್ತ ಕತ್ತಲಾಗ ನಡೀಬೇಕು. ದಿನಕ್ಕ ಒಂದೂವರೆ ತಾಸು ಹೋಗ್ತತಿ." 25 ದಿನಕ್ಕೆ ಮೂವತ್ತೇಳೂವರೆ ತಾಸು. ಆ ಹೊತ್ತಿನಲ್ಲಿ ಆಕೆ ಪದವಿ ಪರೀಕ್ಷೆಗೆ ಓದಬೇಕಂತೆ. ಅಕ್ಕ ಇದನ್ನ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಚೇತಕ್‌ಗಾಗಿ ವರ್ಷಗಟ್ಟಲೆ ಕಾದವರ ಕಥೆ ನಮಗೆ ಬಾಯಿಪಾಠ. ಬಸ್ ಸ್ಟ್ಯಾಂಡಿನಲ್ಲಿ ತಾಸುಗಟ್ಟಲೆ ಕಾಯೋರ ಕಥೆ ಯಾರೂ ಬರೆದಿಟ್ಟಿಲ್ಲ. ಟಿಕೆಟ್ ಪುಕ್ಕಟೆ ಆದರೂ ಆ ಹೊತ್ತಿಗೆ ಬೆಲೆ ಇದ್ದೇ ಇದೆ.

ಹಾಗಂತ ನಾನು ಹೊಸ ಗಾಡಿ ತಗೋ ಅನ್ನಲಿಲ್ಲ. ಕಂತು ಕಾಲು ಭಾಗ ಸಂಬಳ ದಾಟಿದರೆ ಬೇಡ ಅಂದೆ. ಕೂಡಿಟ್ಟ ದುಡ್ಡಿನಲ್ಲಿ ಬರೋ ಹಾಗೆ, ಪರಿಚಯದ ಮೆಕ್ಯಾನಿಕ್ ನೋಡಿದ, ಮೂರ್ನಾಲ್ಕು ವರ್ಷದ ಸ್ಕೂಟಿ ಹುಡುಕು ಅಂದೆ. ಆರ್‌ಸಿಯಲ್ಲಿ ಹಳೇ ಸಾಲದ ನಮೂದು ತೆಗೆಸಿದ್ದಾರಾ, ವಿಮೆ ಚಾಲ್ತಿ ಇದೆಯಾ ಅಂತ ನೋಡದೆ ಮುಂಗಡ ಕೊಡಬೇಡ. ಮತ್ತೆ ಆ ಹೆದ್ದಾರಿ. ಈಗಲೂ ಅದಿರು ಲಾರಿಗಳು ಓಡ್ತವೆ, ಸಣ್ಣ ಚಕ್ರದ ಗಾಡಿ ಪುಡಿ ಅದಿರಿನ ಮೇಲೆ ಜಾರ್ತದೆ. ಹಾಗಾಗಿ ಅರ್ಧ ತಲೆಯ ಟೋಪಿ ಹೆಲ್ಮೆಟ್ ಬೇಡ, ಮುಖ ಮುಚ್ಚೋ ಐಎಸ್‌ಐ ಗುರುತಿನದು ಬೇಕು. ಅದರ ದುಡ್ಡು ನಾನು ಕೊಡ್ತೀನಿ ಅಂದೆ.

ಅಕ್ಕ ಫೋನ್ ಕಸಿದುಕೊಂಡು ಅಂದಿದ್ದು ಇಷ್ಟೇ: "ಎರಡು ಹೆಲ್ಮೆಟ್ ಕಳಿಸು. ನಾನೂ ಒಮ್ಮೊಮ್ಮೆ ಹೊಸಪೇಟಿಗೆ ಹೋಗಬೇಕಾಗ್ತತಿ."